ವ್ಯಾಪಾರ ಪತ್ರಗಳಲ್ಲಿ ಇಂಗ್ಲಿಷ್ ಭೂತಕಾಲದ ಪ್ರಶ್ನೆಗಳು: ‘ಡಿಡ್’ ಬಂದ ಮೇಲೆ ಕ್ರಿಯಾಪದದ ರೂಪ

ಎರಡು ವರ್ಷಗಳ ಹಿಂದೆ ಕಮಠಾಣದ ಸಣ್ಣ ಉದ್ಯಮಿಯೊಬ್ಬರು ಒಂದು ಕಡತವನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಮೇವು ಕತ್ತರಿಸುವ ಯಂತ್ರಗಳಿಗೆ ಬೇಕಾಗುವ ಕಬ್ಬಿಣದ ಬಿಡಿಭಾಗಗಳನ್ನು ತಯಾರಿಸಿ ಹೊರರಾಜ್ಯದ ಖರೀದಿದಾರರಿಗೆ ಕಳುಹಿಸುವುದು ಅವರ ಉದ್ಯೋಗ. ಮಾಲು ತಲುಪಿ ಎರಡು ತಿಂಗಳು ಕಳೆದರೂ 1,86,000 ರೂಪಾಯಿ ಬಾಕಿ ಬಂದಿರಲಿಲ್ಲ. ಹಣ ಕೇಳಿ ಬರೆದ ಇ-ಮೇಲ್‌ಗೆ ಖರೀದಿದಾರರು ಒಂದೇ ಸಾಲಿನ ಮರುಪ್ರಶ್ನೆ ಹಾಕಿದ್ದರು: “ಡಿಡ್ ಯು ನಾಟ್ ರಿಸೀವ್ ಅವರ್ ರಿಜೆಕ್ಷನ್ ಲೆಟರ್?” ಮಾಲನ್ನು ನಿರಾಕರಿಸಿ ನಾವು ಬರೆದ ಪತ್ರ ನಿಮಗೆ ತಲುಪಲಿಲ್ಲವೇ ಎಂಬುದು ಅದರ ಅರ್ಥ. ಅಂತಹ ಯಾವ ಪತ್ರವೂ ಇವರಿಗೆ ಬಂದಿರಲಿಲ್ಲ. ಇವರು ಕಳುಹಿಸಿದ ಉತ್ತರ ಹೀಗಿತ್ತು: “ಯೆಸ್ ಸರ್. ವೆನ್ ಯು ಸೆಂಟ್ ದಿ ಲೆಟರ್.”

“ಸಾಹೇಬ್ರ, ಇದರಾಗ ತಪ್ಪೇನದರಿ? ಹೌದ್ರಿ, ಬಂದಿಲ್ಲ, ನೀವು ಯಾವಾಗ ಕಳಸೀರಿ ಅಂತ ಕೇಳೀನಿ” ಎಂದರು ಅವರು.

ಅವರ ಮನಸ್ಸಿನಲ್ಲಿದ್ದ ಕನ್ನಡ ಸರಿಯಾಗಿಯೇ ಇತ್ತು. ಆದರೆ ಕಾಗದದ ಮೇಲೆ ಬಿದ್ದ ಇಂಗ್ಲಿಷನ್ನು ಇಂಗ್ಲಿಷ್ ಬಲ್ಲವರು ಓದಿಕೊಳ್ಳುವುದು ಬೇರೆ ರೀತಿ: “ಹೌದು ಸ್ವಾಮಿ, ಪತ್ರ ತಲುಪಿದೆ, ನೀವು ಕಳುಹಿಸಿದಾಗ.” ಎರಡು ಸಣ್ಣ ವ್ಯಾಕರಣ ದೋಷಗಳು ಒಂದರ ಪಕ್ಕದಲ್ಲೊಂದು ಬಂದು, ನಿರಾಕರಣೆಯ ಪ್ರಶ್ನೆಯೊಂದು ಪೂರ್ಣ ಪ್ರಮಾಣದ ಒಪ್ಪಿಗೆಯಾಗಿ ಪರಿಣಮಿಸಿತ್ತು. ಖರೀದಿದಾರರು ಮುಂದಿನ ಪತ್ರದಲ್ಲಿ ಇದೇ ಉತ್ತರವನ್ನು ಉಲ್ಲೇಖಿಸಿ, “ನಮ್ಮ ಆಕ್ಷೇಪಣಾ ಪತ್ರ ತಲುಪಿರುವುದನ್ನು ತಾವೇ ಒಪ್ಪಿದ್ದೀರಿ” ಎಂದು ಬರೆದಿದ್ದರು.

ಲೆಕ್ಕಪರಿಶೋಧಕನು ವ್ಯಾಕರಣದ ಬಗ್ಗೆ ಬರೆಯುವುದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಆದರೆ ಸದಸ್ಯರ ಕಡತಗಳನ್ನು ನೋಡುತ್ತ ಬಂದಂತೆ, ಅಂಕಿಗಳ ತಪ್ಪಿನಷ್ಟೇ ವಾಕ್ಯಗಳ ತಪ್ಪಿನಿಂದಲೂ ಹಣ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ನನಗೆ ಮನವರಿಕೆಯಾಗಿದೆ. ಅದರಲ್ಲಿಯೂ ಹಿಂದೆ ನಡೆದುಹೋದ ಸಂಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವಾಗ ನಮ್ಮವರು ಎಡವುವುದು ಹೆಚ್ಚು. ಈ ಲೇಖನ ಆ ಒಂದು ವಿಷಯಕ್ಕೆ ಸೀಮಿತ. ಅಂಗಡಿಯಲ್ಲಿ ಗುಮಾಸ್ತರೊಡನೆ ಓದಿ ಹೇಳಿಕೊಳ್ಳಲು ಅನುಕೂಲವಾಗಲೆಂದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ.

ದಿನಾಂಕದ ಪ್ರಶ್ನೆಗೆ ಇಷ್ಟು ಬೆಲೆ ಏಕೆ?

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ, ಮಾಲು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಲೆಕ್ಕ ಹಾಕಿ ಕೊಡಬೇಕಾಗುತ್ತದೆ. ಇಲ್ಲಿ ಮುಖ್ಯವಾದುದು ‘ಸ್ವೀಕೃತವಾದ ದಿನ’ ಎಂಬ ಮಾತು. ಮಾಲು ಕೈಸೇರಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸದಿದ್ದರೆ, ಮಾಲು ಕೈಸೇರಿದ ದಿನವೇ ಸ್ವೀಕೃತ ದಿನವಾಗುತ್ತದೆ. ಆಕ್ಷೇಪಣೆ ಸಲ್ಲಿಸಿದ್ದರೆ, ಮಾರಾಟಗಾರರು ಆ ಆಕ್ಷೇಪಣೆಯನ್ನು ನಿವಾರಿಸಿದ ದಿನ ಸ್ವೀಕೃತ ದಿನವಾಗುತ್ತದೆ. ಆದುದರಿಂದ “ಆಕ್ಷೇಪಣಾ ಪತ್ರ ಬಂದಿತೆ? ಬಂದಿದ್ದರೆ ಎಂದು ಬಂದಿತು?” ಎಂಬ ಎರಡು ಪ್ರಶ್ನೆಗಳ ಉತ್ತರದ ಮೇಲೆ 45 ದಿನಗಳ ಗಡಿಯಾರವೇ ನಿಂತಿದೆ. ಕಮಠಾಣದ ಉದ್ಯಮಿಯವರು ಒಪ್ಪಿಕೊಂಡಂತಾದದ್ದು ಈ ಆಕ್ಷೇಪಣಾ ಪತ್ರವನ್ನು.

2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯ ನಿಯಮವೊಂದನ್ನು ಇದಕ್ಕೆ ಜೋಡಿಸಿತು. 2024-25ರ ಕರನಿರ್ಧಾರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಪಾವತಿಸದ ಮೊತ್ತವನ್ನು ಖರೀದಿದಾರರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಪಾವತಿಸಿದ ವರ್ಷದಲ್ಲಿ ಮಾತ್ರ ತೋರಿಸಬಹುದು ಎಂಬ ನಿಯಮ ಜಾರಿಗೆ ಬಂದಿತು. ಹೀಗಾಗಿ ಮಾರ್ಚ್ ತಿಂಗಳು ಬಂದೊಡನೆ ಎರಡೂ ಕಡೆಯ ಲೆಕ್ಕಿಗರು ದಿನಾಂಕಗಳನ್ನು ಕೇಳಿ ಪತ್ರ ಬರೆಯತೊಡಗುತ್ತಾರೆ. (2021ರ ಜುಲೈ 2ರ ಸೂಚನೆಯಂತೆ ಕೇವಲ ಸಗಟು ಅಥವಾ ಚಿಲ್ಲರೆ ವ್ಯಾಪಾರ ಮಾಡುವವರಿಗೆ ಉದ್ಯಮ್ ನೋಂದಣಿಯ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿದೆ ಎಂಬುದನ್ನು ಗಾಂಧಿ ಗಂಜಿನ ವ್ಯಾಪಾರಿ ಸದಸ್ಯರು ಗಮನಿಸಬೇಕು. ವಿಳಂಬ ಪಾವತಿಯ ಬಡ್ಡಿ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ.) ವ್ಯಾಪಾರಿಗಳಿಗೂ ದಿನಾಂಕದ ಪ್ರಶ್ನೆ ತಪ್ಪಿದ್ದಲ್ಲ. ಸರಕು ಮಾರಾಟ ಕಾಯ್ದೆ, 1930ರ ಪ್ರಕಾರ ಖರೀದಿದಾರರು ನಿರಾಕರಣೆಯನ್ನು ತಿಳಿಸದೆ ಯುಕ್ತ ಕಾಲ ಮೀರಿ ಮಾಲನ್ನು ಇಟ್ಟುಕೊಂಡರೆ ಒಪ್ಪಿಕೊಂಡಂತೆಯೇ ಸರಿ. ಜಿ.ಎಸ್.ಟಿ. ಕಾಯ್ದೆಯಲ್ಲಿಯೂ ಮಾಲು ಕೈಸೇರಿದ್ದರೆ ಮಾತ್ರ ಹೂಡುವಳಿ ತೆರಿಗೆಯ ಜಮೆ ದೊರೆಯುತ್ತದೆ.

ಒಂದೇ ಬಾರಿ ಖತಾವಣಿ

ಈಗ ವ್ಯಾಕರಣಕ್ಕೆ ಬರೋಣ. “ಯು ರಿಸೀವ್ಡ್ ದಿ ಗೂಡ್ಸ್” ಎಂಬುದು ಹೇಳಿಕೆ: ನೀವು ಮಾಲು ಪಡೆದಿರಿ. ಇಲ್ಲಿ ಭೂತಕಾಲವನ್ನು ತೋರಿಸುವುದು ‘ರಿಸೀವ್ಡ್’ ಎಂಬುದರ ಕೊನೆಯ ‘ಡ್’. ಇದನ್ನು ಪ್ರಶ್ನೆಯಾಗಿಸಲು ಇಂಗ್ಲಿಷ್ ಭಾಷೆ ‘ಡಿಡ್’ ಎಂಬ ಸಹಾಯಕ ಕ್ರಿಯಾಪದವನ್ನು ಕರ್ತೃವಿನ ಹಿಂದೆ ತಂದು ನಿಲ್ಲಿಸುತ್ತದೆ. ‘ಡಿಡ್’ ಎಂಬುದೇ ‘ಡು’ ಎಂಬುದರ ಭೂತಕಾಲ ರೂಪ. ಅದು ಬಂದೊಡನೆ ಭೂತಕಾಲದ ಹೊಣೆಯೆಲ್ಲವೂ ಅದಕ್ಕೆ ಸೇರುತ್ತದೆ, ಮುಖ್ಯ ಕ್ರಿಯಾಪದ ತನ್ನ ಮೂಲರೂಪಕ್ಕೆ ಮರಳುತ್ತದೆ: “ಡಿಡ್ ಯು ರಿಸೀವ್ ದಿ ಗೂಡ್ಸ್?”

“ಡಿಡ್ ಯು ರಿಸೀವ್ಡ್” ಎಂದು ಬರೆದರೆ ಆಗುವುದೇನು? ಒಂದೇ ವೋಚರನ್ನು ಕಿರ್ದಿಯಿಂದ ಖಾತೆಗೆ ಎರಡು ಬಾರಿ ಏರಿಸಿದಂತಾಗುತ್ತದೆ. ಭೂತಕಾಲವನ್ನು ‘ಡಿಡ್’ ಒಮ್ಮೆ ಖತಾಯಿಸಿದೆ, ‘ರಿಸೀವ್ಡ್’ ಮತ್ತೊಮ್ಮೆ ಖತಾಯಿಸುತ್ತಿದೆ. “ಡಿಡ್ ಯು ಸೆಂಟ್”, “ಡಿಡ್ ಯು ಪೇಯ್ಡ್”, “ಡಿಡ್ ಯು ಹ್ಯಾಡ್ ಸ್ಟಾಕ್”, “ಡಿಡ್ ದೇ ಕೇಮ್” ಇವೆಲ್ಲವೂ ಇದೇ ಬಗೆಯ ಎರಡು ಬಾರಿಯ ಖತಾವಣಿಗಳು. ಸೆಂಡ್, ಪೇ, ಹ್ಯಾವ್, ಕಮ್ ಎಂಬ ಮೂಲರೂಪಗಳಿಗೆ ಮರಳಿದರೆ ಸರಿಯಾಗುತ್ತದೆ. “ಡಿಡ್ ಯು ಡಿಡ್ ದಿ ವರ್ಕ್” ಎಂದು ಬರೆದ ಪತ್ರವನ್ನೂ ನಾನು ಕಂಡಿದ್ದೇನೆ. ಅಲ್ಲಿ ಬೇಕಾದುದು “ಡಿಡ್ ಯು ಡು ದಿ ವರ್ಕ್?”

ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುವುದು ಉಚಿತ. “ಡಿಡ್ ಯು ರಿಸೀವ್ಡ್ ದಿ ಗೂಡ್ಸ್?” ಎಂಬುದು ತಪ್ಪಾದರೂ ಅಪಾಯಕಾರಿಯಲ್ಲ. ಓದುವವರು ಮನಸ್ಸಿನಲ್ಲಿ ನಕ್ಕಾರು, ಅಷ್ಟೇ. ಅದು ಪ್ರಶ್ನೆ ಎಂಬುದರಲ್ಲಿ ಯಾರಿಗೂ ಸಂದೇಹ ಬರುವುದಿಲ್ಲ. ನಿಜವಾದ ಅಪಾಯವಿರುವುದು ‘ಡಿಡ್’ ಅನ್ನು ಬಿಟ್ಟೇಬಿಟ್ಟಾಗ. “ಯು ಪೇಯ್ಡ್ ಫಿಫ್ಟಿ ಥೌಸಂಡ್ ಆನ್ ಥರ್ಡ್ ಮಾರ್ಚ್” ಎಂದು ಮಾರಾಟಗಾರರೊಬ್ಬರು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳಿ. ಮಾರ್ಚ್ 3ರಂದು 50,000 ಕೊಟ್ಟಿರಾ ಎಂದು ಕೇಳುವುದು ಅವರ ಉದ್ದೇಶ. ಮಾತಿನಲ್ಲಾದರೆ ದನಿ ಏರಿಸಿ ಪ್ರಶ್ನೆಯಾಗಿಸಬಹುದು. ಬರಹದಲ್ಲಿ ದನಿ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋದರೆ ಅದು ಹಣ ಸಂದಾಯವಾಗಿದೆ ಎಂದು ಮಾರಾಟಗಾರರೇ ಬರೆದುಕೊಟ್ಟ ರಸೀದಿಯಂತೆ ಕಾಣುತ್ತದೆ.

‘ವೆನ್’ ಎಂಬ ಪದದಲ್ಲಿ ಈ ಅಪಾಯ ಇಮ್ಮಡಿ. ಇಂಗ್ಲಿಷಿನಲ್ಲಿ ‘ವೆನ್’ಗೆ ‘ಯಾವಾಗ’ ಎಂಬ ಅರ್ಥವೂ ಇದೆ, ‘-ದಾಗ’ ಎಂಬ ಅರ್ಥವೂ ಇದೆ. ಎರಡನ್ನೂ ಬೇರ್ಪಡಿಸುವುದು ‘ಡಿಡ್’ ಒಂದೇ. “ವೆನ್ ಡಿಡ್ ಯು ಸೆಂಡ್ ದಿ ಲೆಟರ್?” ಎಂದರೆ ಪತ್ರವನ್ನು ಯಾವಾಗ ಕಳುಹಿಸಿದಿರಿ ಎಂಬ ಪ್ರಶ್ನೆ. “ವೆನ್ ಯು ಸೆಂಟ್ ದಿ ಲೆಟರ್” ಎಂದರೆ ನೀವು ಪತ್ರ ಕಳುಹಿಸಿದಾಗ ಎಂಬ ಅರ್ಧ ವಾಕ್ಯ. ಇದರಲ್ಲಿ ಕಾಗುಣಿತದ ತಪ್ಪಿಲ್ಲ, ಪದಗಳ ಕ್ರಮವೂ ಅಸಾಧುವಲ್ಲ. ಆದುದರಿಂದ ಕಂಪ್ಯೂಟರಿನ ತಿದ್ದುವ ಸೌಲಭ್ಯವೂ ಅನೇಕ ವೇಳೆ ಇದನ್ನು ಹಿಡಿಯದೆ ಬಿಟ್ಟುಬಿಡುತ್ತದೆ.

ನಾಲ್ಕು ಭಾಷೆಗಳೂ ಒಂದೇ ದಾರಿ ತೋರಿಸುತ್ತವೆ

ನಮ್ಮವರು ಇಲ್ಲಿಯೇ ಏಕೆ ತಪ್ಪುತ್ತಾರೆ ಎಂಬುದಕ್ಕೆ ನಾನು ಕಂಡುಕೊಂಡ ಕಾರಣ ಹೀಗಿದೆ. ನಮ್ಮ ಜಿಲ್ಲೆಯ ಪೇಟೆಯಲ್ಲಿ ನಾಲ್ಕು ಭಾಷೆಗಳು ನಡೆಯುತ್ತವೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಪ್ರದೇಶ ಇದು. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ, ಔರಾದ್-ಭಾಲ್ಕಿಯ ಕಡೆ ಮರಾಠಿ, ಜಹೀರಾಬಾದಿನ ದಾರಿಯಲ್ಲಿ ತೆಲುಗು. ಈ ನಾಲ್ಕರಲ್ಲಿ ಯಾವುದರಲ್ಲಿ ಯೋಚಿಸಿದರೂ ಭೂತಕಾಲದ ಪ್ರಶ್ನೆ ಕೇಳುವಾಗ ಕ್ರಿಯಾಪದದ ಭೂತಕಾಲ ರೂಪ ಕದಲುವುದಿಲ್ಲ.

ಕನ್ನಡದಲ್ಲಿ “ಮಾಲು ಕಳುಹಿಸಿದಿರಿ” ಎಂಬುದಕ್ಕೆ ಕೊನೆಯಲ್ಲಿ ಒಂದು ಸ್ವರವನ್ನು ಎಳೆದರೆ “ಮಾಲು ಕಳುಹಿಸಿದಿರಾ?” ಎಂಬ ಪ್ರಶ್ನೆ ಸಿದ್ಧ. ತೆಲುಗಿನವರು “ಸರುಕು ಪಂಪಾರಾ?” ಎನ್ನುತ್ತಾರೆ, ಅಲ್ಲಿಯೂ ಅದೇ ಕ್ರಮ. ಮರಾಠಿಯಲ್ಲಿ “ಮಾಲ್ ಪಾಠವಲಾ ಕಾ?”, ಹೇಳಿಕೆಯ ಮುಂದೆ ‘ಕಾ’ ಅಂಟಿಸಿದರೆ ಮುಗಿಯಿತು. ಉರ್ದುವಿನಲ್ಲಿ “ಕ್ಯಾ ಆಪ್‌ನೆ ಮಾಲ್ ಭೇಜಾ?” ಈ ಕೊನೆಯ ವಾಕ್ಯವನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ವಾಕ್ಯದ ಮೊದಲಿಗೆ ‘ಕ್ಯಾ’, ಕೊನೆಗೆ ಭೂತಕಾಲದ ‘ಭೇಜಾ’. ‘ಕ್ಯಾ’ ಇದ್ದ ಜಾಗದಲ್ಲಿ ‘ಡಿಡ್’ ಇಟ್ಟು, ‘ಭೇಜಾ’ ಇದ್ದ ಜಾಗದಲ್ಲಿ ‘ಸೆಂಟ್’ ಇಟ್ಟರೆ “ಡಿಡ್ ಯು ಸೆಂಟ್” ತಾನಾಗಿಯೇ ಸಿದ್ಧವಾಗುತ್ತದೆ! ‘ಡಿಡ್’ ಎಂಬುದನ್ನು ‘ಕ್ಯಾ’ ಎಂಬಂತೆ ಬರಿಯ ಪ್ರಶ್ನೆಯ ಗುರುತು ಎಂದು ಭಾವಿಸುವುದೇ ತಪ್ಪಿನ ಮೂಲ. ‘ಕ್ಯಾ’ಗೆ ಕಾಲವಿಲ್ಲ, ‘ಡಿಡ್’ಗೆ ಕಾಲವಿದೆ.

ಆದರೆ ಕನ್ನಡಿಗರಿಗೆ ಈ ನಿಯಮ ಹೊಸದೆಂದು ತಿಳಿಯಬೇಕಾಗಿಲ್ಲ. ಪ್ರಶ್ನೆಯಲ್ಲಿ ಕಾಣದಿದ್ದರೂ ನಮ್ಮ ನಿಷೇಧಾರ್ಥಕ ವಾಕ್ಯದಲ್ಲಿ ಅದು ಇದ್ದೇ ಇದೆ. “ಲಾರಿ ಬಂದಿತು” ಎಂಬುದರ ನಿಷೇಧ “ಲಾರಿ ಬರಲಿಲ್ಲ.” ‘ಬಂದ’ ಎಂಬ ರೂಪ ಎಲ್ಲಿ ಹೋಯಿತು? ‘ಬರು’ ಎಂಬ ಮೂಲಕ್ಕೆ ಮರಳಿತು. “ಹಣ ಕೊಟ್ಟರು” ಎಂಬುದು “ಹಣ ಕೊಡಲಿಲ್ಲ” ಎಂದಾಗುತ್ತದೆ. “ಬಿಲ್ಟಿ ತಂದರು” ಎಂಬುದು “ಬಿಲ್ಟಿ ತರಲಿಲ್ಲ” ಎಂದು, “ದಾಸ್ತಾನು ಇಟ್ಟರು” ಎಂಬುದು “ದಾಸ್ತಾನು ಇಡಲಿಲ್ಲ” ಎಂದು ಬದಲಾಗುತ್ತವೆ. “ಬಂದಲಿಲ್ಲ”, “ಕೊಟ್ಟಲಿಲ್ಲ” ಎಂದು ನಮ್ಮಲ್ಲಿ ಶಾಲೆಗೆ ಹೋಗದ ಹಮಾಲನೂ ಹೇಳುವುದಿಲ್ಲ. ‘-ಅಲಿಲ್ಲ’ ಎಂಬುದೇ ಕಳೆದ ಕಾಲವನ್ನು ಹೇಳುತ್ತಿರುವಾಗ ಕ್ರಿಯಾಪದ ಅದನ್ನು ಮತ್ತೊಮ್ಮೆ ಹೇಳುವುದು ಅನಾವಶ್ಯಕ. “ಡಿಡ್ ಯು ಸೆಂಟ್” ಎಂಬುದು ಇಂಗ್ಲಿಷ್ ಕಿವಿಗೆ ಕೇಳಿಸುವುದು ಸರಿಸುಮಾರು “ಕೊಟ್ಟಲಿಲ್ಲ” ಎಂಬುದು ನಮ್ಮ ಕಿವಿಗೆ ಕೇಳಿಸುವಂತೆ. ಇಂಗ್ಲಿಷಿನ ನಿಷೇಧಕ್ಕೂ ಇದೇ ನಿಯಮ ಅನ್ವಯಿಸುತ್ತದೆ: “ವಿ ಡಿಡ್ ನಾಟ್ ರಿಸೀವ್”, “ದೇ ಡಿಡ್ ನಾಟ್ ಪೇ.” ನಮ್ಮ ಕಚೇರಿಯ ಹುಡುಗರಿಗೆ ನಾನು ಹೇಳಿಕೊಟ್ಟಿರುವ ಉಪಾಯ ಇಷ್ಟೇ: ‘ಡಿಡ್’ ಬರೆದೊಡನೆ ‘ಬರಲಿಲ್ಲ, ಕೊಡಲಿಲ್ಲ’ ಎಂಬುದನ್ನು ನೆನೆಸಿಕೊಂಡು ಮುಂದಿನ ಪದವನ್ನು ಬರೆಯಬೇಕು.

ಇಂಗ್ಲಿಷ್ ಭಾಷೆಯೂ ಮೊದಲಿನಿಂದ ಹೀಗಿರಲಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯಾಪದವನ್ನೇ ಕರ್ತೃವಿನ ಹಿಂದೆ ತಂದು “ಕೇಮ್ ಹಿ?” ಎನ್ನುವ ರೂಢಿಯಿತ್ತು. 1611ರಲ್ಲಿ ಪ್ರಕಟವಾದ ಬೈಬಲಿನ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಆ ಬಗೆಯ ಪ್ರಶ್ನೆಗಳು ಹೇರಳವಾಗಿವೆ. ಮುಂದಿನ ನೂರು ವರ್ಷಗಳಲ್ಲಿ ‘ಡಿಡ್’ ಇಟ್ಟು ಕೇಳುವ ಪದ್ಧತಿ ಸಾಮಾನ್ಯ ರೂಢಿಯಾಗಿ ನೆಲೆಗೊಂಡಿತು. ಹಳೆಯ ಪದ್ಧತಿ ಉಳಿದುಕೊಂಡಿರುವುದು ‘ವಾಸ್’, ‘ವರ್’ ಮೊದಲಾದ ಕೆಲವೇ ಕ್ರಿಯಾಪದಗಳಲ್ಲಿ. ಆದುದರಿಂದಲೇ ಅವು ಬಂದಲ್ಲಿ ‘ಡಿಡ್’ ಬರುವುದಿಲ್ಲ.

‘ವಾಸ್’ ಎಲ್ಲಿ, ‘ಹ್ಯಾವ್’ ಎಲ್ಲಿ?

ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬಹುಶಃ ಇದು: “ಡಿಡ್ ದಿ ಇ-ವೇ ಬಿಲ್ ಜನರೇಟೆಡ್?” ಇ-ವೇ ಬಿಲ್ ತಾನಾಗಿ ಏನನ್ನೂ ಮಾಡುವುದಿಲ್ಲ, ಅದನ್ನು ಯಾರೋ ತಯಾರಿಸಬೇಕು. ಹೀಗೆ ಬೇರೊಬ್ಬರಿಂದ ಆಗುವ ಕೆಲಸವನ್ನು ಹೇಳುವ ಕರ್ಮಣಿ ಪ್ರಯೋಗದಲ್ಲಿ ‘ವಾಸ್’ ಅಥವಾ ‘ವರ್’ ಬರುತ್ತದೆ, ಆಗ ಕ್ರಿಯಾಪದ ಮೂಲರೂಪಕ್ಕೆ ಮರಳದೆ ಕೃದಂತ ರೂಪದಲ್ಲಿಯೇ ಇರುತ್ತದೆ: “ವಾಸ್ ದಿ ಇ-ವೇ ಬಿಲ್ ಜನರೇಟೆಡ್?”, “ವರ್ ದಿ ಗೂಡ್ಸ್ ಅನ್‌ಲೋಡೆಡ್?” ಬರೆಯುವ ಮೊದಲು ಒಂದು ಕ್ಷಣ ವಿಚಾರಿಸಬೇಕು: ಕರ್ತೃ ತಾನೇ ಕೆಲಸ ಮಾಡಿದನೇ, ಅಥವಾ ಅದರ ಮೇಲೆ ಕೆಲಸ ಮಾಡಲಾಯಿತೇ? ಚೆಕ್ಕಿನ ವಿಷಯದಲ್ಲಿ ಎರಡೂ ನಡೆಯುತ್ತವೆ, “ಡಿಡ್ ದಿ ಚೆಕ್ ಕ್ಲಿಯರ್?” ಎನ್ನಬಹುದು, “ವಾಸ್ ದಿ ಚೆಕ್ ಕ್ಲಿಯರ್ಡ್?” ಎಂದೂ ಎನ್ನಬಹುದು. ಎರಡನ್ನೂ ಕಲಸಿ “ಡಿಡ್ ದಿ ಚೆಕ್ ಕ್ಲಿಯರ್ಡ್?” ಎನ್ನುವಂತಿಲ್ಲ. ಹಾಗೆಯೇ “ಡಿಡ್ ಯು ಏಬಲ್ ಟು ಸೆಂಡ್” ಎಂಬುದಕ್ಕೆ ಬದಲಾಗಿ “ವರ್ ಯು ಏಬಲ್ ಟು ಸೆಂಡ್” ಎಂದಿರಬೇಕು, ‘ಏಬಲ್’ ಕ್ರಿಯಾಪದವೇ ಅಲ್ಲ.

‘ಹ್ಯಾವ್’ ವಿಷಯದಲ್ಲಿಯೂ ಕನ್ನಡವೇ ನೆರವಿಗೆ ಬರುತ್ತದೆ. “ಮಾಲು ಬರಲಿಲ್ಲ” ಮತ್ತು “ಮಾಲು ಬಂದಿಲ್ಲ” ಇವೆರಡರ ವ್ಯತ್ಯಾಸ ನಮಗೆಲ್ಲ ತಿಳಿದಿದೆ. ಮೊದಲನೆಯದು ಅಂದು ನಡೆಯದ ಸಂಗತಿ, ಎರಡನೆಯದು ಇಂದಿನವರೆಗಿನ ಸ್ಥಿತಿ. ಮೊದಲನೆಯದಕ್ಕೆ “ಡಿಡ್ ನಾಟ್ ರಿಸೀವ್”, ಎರಡನೆಯದಕ್ಕೆ “ಹ್ಯಾವ್ ನಾಟ್ ರಿಸೀವ್ಡ್.” ‘ಬಂದಿಲ್ಲ’ ಎಂಬಲ್ಲಿ ‘ಬಂದು’ ಉಳಿದುಕೊಂಡಂತೆ ‘ಹ್ಯಾವ್’ ಬಂದಲ್ಲಿ ‘ರಿಸೀವ್ಡ್’ ಉಳಿದುಕೊಳ್ಳುತ್ತದೆ. ಹೋಲಿಕೆ ಇಷ್ಟು ಹತ್ತಿರವಾಗಿರುವುದು ನನಗೇ ಆಶ್ಚರ್ಯ ತರಿಸಿದೆ. ಆದರೆ ನಿಶ್ಚಿತ ದಿನಾಂಕವನ್ನು ಹೇಳಿದಾಗ ‘ಹ್ಯಾವ್’ ಹೊಂದುವುದಿಲ್ಲ. “ಹ್ಯಾವ್ ಯು ರಿಸೀವ್ಡ್ ದಿ ಗೂಡ್ಸ್ ಆನ್ ಟ್ವೆಲ್ಫ್ತ್ ಜೂನ್?” ಎಂಬುದು ತಪ್ಪು, “ಡಿಡ್ ಯು ರಿಸೀವ್ ದಿ ಗೂಡ್ಸ್ ಆನ್ ಟ್ವೆಲ್ಫ್ತ್ ಜೂನ್?” ಎಂಬುದು ಸರಿ.

ರೂಪ ಒಂದು, ಅರ್ಥ ಬೇರೆ

ಕೆಲವು ಭೂತಕಾಲ ರೂಪಗಳು ಇಂಗ್ಲಿಷಿನಲ್ಲಿ ಬೇರೊಂದು ಕ್ರಿಯಾಪದದ ಮೂಲರೂಪವೂ ಆಗಿವೆ. ಅಂತಹವನ್ನು ‘ಡಿಡ್’ ಮುಂದೆ ಇಟ್ಟರೆ ವಾಕ್ಯ ವ್ಯಾಕರಣಬದ್ಧವಾಗಿಯೇ ಇರುತ್ತದೆ, ಅರ್ಥ ಮಾತ್ರ ಎಲ್ಲಿಗೋ ಹೋಗಿರುತ್ತದೆ. ‘ಫೈಂಡ್’ ಎಂದರೆ ಕಂಡುಹಿಡಿ, ಅದರ ಭೂತಕಾಲ ‘ಫೌಂಡ್’. ಆದರೆ ‘ಫೌಂಡ್’ ಎಂಬ ಮೂಲ ಕ್ರಿಯಾಪದಕ್ಕೆ ಸ್ಥಾಪಿಸು ಎಂಬ ಅರ್ಥವಿದೆ. “ಡಿಡ್ ಯು ಫೌಂಡ್ ದಿ ಡಿಫೆಕ್ಟ್?” ಎಂದರೆ ದೋಷವನ್ನು ಸ್ಥಾಪಿಸಿದಿರಾ ಎಂದಾಗುತ್ತದೆ. ಕಟ್ಟಿಗೆ ಅಡ್ಡೆಯವರಿಗೆ “ಡಿಡ್ ಯು ಸಾ ದಿ ಟಿಂಬರ್?” ಎಂದು ಬರೆದರೆ, ಕಟ್ಟಿಗೆ ನೋಡಿದಿರಾ ಎಂದು ಕೇಳಿದಂತಾಗದೆ ಗರಗಸದಿಂದ ಕೊಯ್ದಿರಾ ಎಂದು ಕೇಳಿದಂತಾಗುತ್ತದೆ. ಮೋಟರ್ ವೈಂಡಿಂಗ್ ಮಾಡುವ ಸದಸ್ಯರು ಇದನ್ನು ಗಮನಿಸಬೇಕು: ‘ವೈಂಡ್’ ಎಂಬುದರ ಭೂತಕಾಲವಾದ ‘ವೌಂಡ್’ ಎಂಬ ಪದವನ್ನು ಬರೆಯುವ ಅಕ್ಷರಗಳೇ ಗಾಯಗೊಳಿಸು ಎಂಬರ್ಥದ ‘ವೂಂಡ್’ ಪದದವೂ ಹೌದು. ಕೊಳಾರ ಕೈಗಾರಿಕಾ ಪ್ರದೇಶದಿಂದ ಯಾರಾದರೂ ಹಾಗೆ ಬರೆದರೆ, ಮೋಟರಿಗೆ ಗಾಯ ಮಾಡಿದಿರಾ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ.

‘ಪುಟ್’, ‘ಕಟ್’, ‘ಕಾಸ್ಟ್’ ಇಂತಹವು ಎಲ್ಲ ಕಾಲದಲ್ಲಿಯೂ ಒಂದೇ ರೂಪದಲ್ಲಿರುವುದರಿಂದ ತೊಂದರೆಯಿಲ್ಲ. ‘ರೀಡ್’ ಎಂಬುದನ್ನು ಬರೆಯುವುದು ಎರಡೂ ಕಾಲದಲ್ಲಿ ಒಂದೇ ರೀತಿ, ಭೂತಕಾಲದಲ್ಲಿ ‘ರೆಡ್’ ಎಂದು ಉಚ್ಚರಿಸುತ್ತೇವೆ. ಆದರೆ ‘ಡಿಡ್’ ನಂತರ ಫೋನಿನಲ್ಲಿ ಮಾತನಾಡುವಾಗಲೂ ‘ರೀಡ್’ ಎಂದೇ ಹೇಳಬೇಕು.

‘ಡಿಡ್’ ಬೇಡವಾದ ಎರಡು ಸಂದರ್ಭಗಳು

ನಿಯಮವನ್ನು ಹೊಸದಾಗಿ ಕಲಿತವರು ಅದನ್ನು ಎಲ್ಲೆಡೆ ಬಳಸಲು ಹೋಗುವುದುಂಟು. ‘ಯಾರು’ ಎಂಬುದೇ ಕರ್ತೃವಾಗಿದ್ದರೆ ‘ಡಿಡ್’ ಬೇಕಿಲ್ಲ: “ಹೂ ಸೈನ್ಡ್ ದಿ ಲಾರಿ ರಿಸೀಟ್?”, ಲಾರಿ ರಸೀದಿಗೆ ಸಹಿ ಹಾಕಿದವರು ಯಾರು. ಇಲ್ಲಿ ಕ್ರಿಯಾಪದ ಭೂತಕಾಲದಲ್ಲಿಯೇ ಇರುತ್ತದೆ. ಎರಡನೆಯದು ಪತ್ರಗಳಲ್ಲಿ ಹೆಚ್ಚು ಮುಖ್ಯವಾದುದು. ವಿನಯಪೂರ್ವಕವಾಗಿ ಕೇಳುವಾಗ ಪ್ರಶ್ನೆಯನ್ನು ಮತ್ತೊಂದು ವಾಕ್ಯದೊಳಗೆ ಅಡಗಿಸುತ್ತೇವೆ: “ಪ್ಲೀಸ್ ಲೆಟ್ ಅಸ್ ನೋ ವೆನ್ ಯು ರಿಸೀವ್ಡ್ ದಿ ಗೂಡ್ಸ್.” ಇಲ್ಲಿ ಪ್ರಶ್ನೆಯ ಕೆಲಸವನ್ನು ‘ಪ್ಲೀಸ್ ಲೆಟ್ ಅಸ್ ನೋ’ ಮಾಡಿ ಮುಗಿಸಿದೆ. ಆದುದರಿಂದ ಒಳಗಿನ ಭಾಗ ಹೇಳಿಕೆಯ ಕ್ರಮದಲ್ಲಿರಬೇಕು. “ಪ್ಲೀಸ್ ಇನ್‌ಫಾರ್ಮ್ ಅಸ್ ವೆನ್ ಡಿಡ್ ಯು ರಿಸೀವ್” ಎಂದು ಬರೆಯುವುದು ನಮ್ಮ ಕಡೆಯ ಪತ್ರಗಳಲ್ಲಿ ಬಹಳ ಸಾಮಾನ್ಯ, ಆದರೂ ಅದು ಸರಿಯಲ್ಲ. ಕಮಠಾಣದವರ “ವೆನ್ ಯು ಸೆಂಟ್ ದಿ ಲೆಟರ್” ಎಂಬ ತುಂಡಿನ ಮೊದಲಿಗೆ “ಪ್ಲೀಸ್ ಲೆಟ್ ಅಸ್ ನೋ” ಎಂದು ಸೇರಿಸಿದ್ದರೆ, ಒಂದು ಅಕ್ಷರವನ್ನೂ ತಿದ್ದದೆ ಆ ವಾಕ್ಯ ಸರಿಯಾಗುತ್ತಿತ್ತು. ‘ಡಿಡ್’ ವಿಷಯದಲ್ಲಿ ಧೈರ್ಯ ಸಾಲದವರಿಗೆ ಇದೇ ಸುರಕ್ಷಿತವಾದ ದಾರಿ ಎಂಬುದು ನನ್ನ ಅಭಿಪ್ರಾಯ. “ಪ್ಲೀಸ್ ಕನ್‌ಫರ್ಮ್ ವೆದರ್ ಯು ಪೇಯ್ಡ್” ಎಂಬುದೂ ಹೀಗೆಯೇ.

ನಿಷೇಧದ ಪ್ರಶ್ನೆಗೆ ‘ಯೆಸ್’ ಎಂದರೆ

ಇನ್ನು ಆ ಉತ್ತರದಲ್ಲಿದ್ದ ಮೊದಲನೆಯ ದೋಷ. “ಪತ್ರ ಬರಲಿಲ್ಲವೇ?” ಎಂದು ಕೇಳಿದರೆ ನಾವು “ಹೌದು, ಬರಲಿಲ್ಲ” ಎನ್ನುತ್ತೇವೆ. ಕೇಳಿದವರ ಊಹೆ ಸರಿ ಎಂಬುದಕ್ಕೆ ನಮ್ಮ ‘ಹೌದು’. ಇಂಗ್ಲಿಷಿನ ‘ಯೆಸ್’ ಕೇಳಿದವರ ಊಹೆಯನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಪತ್ರ ಬಂದಿದ್ದರೆ ‘ಯೆಸ್’, ಬರದಿದ್ದರೆ ‘ನೋ’, ಪ್ರಶ್ನೆಯಲ್ಲಿ ‘ನಾಟ್’ ಇರಲಿ, ಇಲ್ಲದಿರಲಿ. “ಡಿಡ್ ಯು ರಿಸೀವ್?” ಎಂದರೂ “ಡಿಡ್ ಯು ನಾಟ್ ರಿಸೀವ್?” ಎಂದರೂ ಬರದ ಪತ್ರಕ್ಕೆ ಉತ್ತರ ‘ನೋ’ ಒಂದೇ. ತೆರಿಗೆ ಇಲಾಖೆಯ ನೋಟಿಸುಗಳಿಗೆ, ಬ್ಯಾಂಕಿನ ವಿಚಾರಣೆಗಳಿಗೆ ಉತ್ತರಿಸುವಾಗಲೂ ಇದನ್ನು ಮರೆಯಬಾರದು. ಬರಿಯ ‘ಯೆಸ್’ ಅಥವಾ ‘ನೋ’ ಎಂದು ನಿಲ್ಲಿಸದೆ “ವಿ ಡಿಡ್ ನಾಟ್ ರಿಸೀವ್ ಇಟ್” ಎಂಬ ಪೂರ್ಣ ವಾಕ್ಯವನ್ನು ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ. ರಾಜ್ಯ ಸರ್ಕಾರದ ಕಚೇರಿಗಳಿಗೆ ಕನ್ನಡದಲ್ಲಿಯೇ ಉತ್ತರಿಸುವುದು ಇನ್ನೂ ಉತ್ತಮ. 1963ರ ರಾಜ್ಯಭಾಷಾ ಕಾಯ್ದೆಯಂತೆ ಕನ್ನಡ ನಮ್ಮ ಆಡಳಿತ ಭಾಷೆ. ತಮಗೆ ಚೆನ್ನಾಗಿ ಬರುವ ಭಾಷೆಯನ್ನು ಬಿಟ್ಟು ಬಾರದ ಭಾಷೆಯಲ್ಲಿ ಬರೆದು ತೊಂದರೆಗೆ ಸಿಲುಕುವವರನ್ನು ಕಂಡಾಗ ಬೇಸರವಾಗುತ್ತದೆ.

ಇ-ಮೇಲ್, ವಾಟ್ಸ್‌ಆ್ಯಪ್ ಸಂದೇಶಗಳನ್ನು ಹಗುರ ಮಾತುಕತೆ ಎಂದು ಭಾವಿಸುವ ಸದಸ್ಯರು ಈಗಲೂ ಇದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿ ವಿದ್ಯುನ್ಮಾನ ದಾಖಲೆಗಳಿಗೆ ಸಾಕ್ಷ್ಯದ ಸ್ಥಾನವಿದೆ. ಅದರ 63ನೆಯ ಕಲಮಿನಲ್ಲಿ ಹೇಳಿರುವ ಪ್ರಮಾಣಪತ್ರದೊಡನೆ ಅವುಗಳನ್ನು ಹಾಜರುಪಡಿಸಬಹುದು. ಹಿಂದಿನ ಕಾಯ್ದೆಯಲ್ಲಿಯೂ ಇಂತಹ ಅವಕಾಶವಿತ್ತು. ಒಂದು ದೋಷಯುಕ್ತ ವಾಕ್ಯದಿಂದಲೇ ದಾವೆ ಸೋಲುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಸಂದರ್ಭವನ್ನು, ಇತರ ಕಾಗದಗಳನ್ನು ನೋಡಿ ನ್ಯಾಯಾಲಯವಾಗಲಿ ಸೌಲಭ್ಯ ಮಂಡಳಿಯಾಗಲಿ ನಿರ್ಧರಿಸುತ್ತವೆ. ಆದರೆ “ನಾನು ಬರೆದದ್ದರ ಅರ್ಥ ಅದಲ್ಲ” ಎಂದು ಸಾಧಿಸುವ ಭಾರ ಬರೆದವರ ಮೇಲೆಯೇ ಬೀಳುತ್ತದೆ, ಆ ಅವಧಿಯಲ್ಲಿ ಬ್ಯಾಂಕಿನ ನಗದು ಸಾಲದ ಬಡ್ಡಿಯೂ ಬೆಳೆಯುತ್ತಿರುತ್ತದೆ.

ಕಮಠಾಣದ ಕಡತಕ್ಕೆ ಮರಳುವುದಾದರೆ, ನಾವು ಮಾಡಿದ್ದು ಇಷ್ಟು. ಹಿಂದಿನ ಉತ್ತರದಲ್ಲಿ ಭಾಷೆಯ ದೋಷವಾಗಿದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಅವರ ಹೆಸರಿನಲ್ಲಿ ಹೊಸ ಪತ್ರವನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಅದರ ಮುಖ್ಯ ಭಾಗ ಮೂರೇ ವಾಕ್ಯಗಳದ್ದು: “ನೋ, ವಿ ಡಿಡ್ ನಾಟ್ ರಿಸೀವ್ ಎನಿ ರಿಜೆಕ್ಷನ್ ಲೆಟರ್ ಫ್ರಮ್ ಯು. ವೆನ್ ಡಿಡ್ ಯು ಸೆಂಡ್ ಇಟ್? ಬೈ ವಿಚ್ ಕೊರಿಯರ್ ಡಿಡ್ ಯು ಸೆಂಡ್ ಇಟ್, ಆ್ಯಂಡ್ ವಾಟ್ ವಾಸ್ ದಿ ಡಾಕೆಟ್ ನಂಬರ್?” ಡಾಕೆಟ್ ಸಂಖ್ಯೆ ಬರಲಿಲ್ಲ. ಇನ್ನೆರಡು ಪತ್ರಗಳ ಬಳಿಕ, ಮಾಲು ತಲುಪಿದ ಆರನೆಯ ತಿಂಗಳಲ್ಲಿ ಅಸಲು ಹಣ ಬಂದಿತು. ಬಡ್ಡಿಗಾಗಿ ಮಂಡಳಿಗೆ ಹೋಗುವುದು ಬೇಡ, ಖರೀದಿದಾರರ ಸಂಬಂಧ ಉಳಿಯಲಿ ಎಂದು ಅವರೇ ಹೇಳಿದ್ದರಿಂದ ಕಡತವನ್ನು ಅಲ್ಲಿಗೆ ಮುಚ್ಚಲಾಯಿತು.